ಎಡಕ್ಕೆ ಹುಡುಗ, ಬಲಕ್ಕೆ ಹುಡುಗಿ

ಕೂದಲು ಗುಂಗುರಾಗಲಿ ಎಂದು ಮುಂಗುರುಳಿಗೆ ಸಿಕ್ಕಿಸಿಕೊಂಡ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಸುರುಳಿಯನ್ನು ತೆಗೆಯದೇ ಮೆಟ್ರೊ ಹತ್ತಿದ್ದಾಳೆ ಈ ಹುಡುಗಿ, ಕೂತಲ್ಲೇ ಕಣ್ಣು ಮುಚ್ಚಿ ತೂಗುತ್ತಿದ್ದಾಳೆ, ಆಫೀಸಿನ ಬಾಗಿಲಲ್ಲಾದರೂ ನೆನಪಾಗುತ್ತದೋ ಇಲ್ಲವೋ, ಕೂದಲು ಚೆನ್ನಾಗಿದೆ, ಬೆರಳಲ್ಲಿ ಉಂಗುರ ಇಲ್ಲ, ಆ ಗುಂಡು ಮುಖಕ್ಕೆ ನಮ್ಮ ಬೂಸಾನಿನ ಹಡಗಿನ ಎಂಜಿನಿಯರು — ಥೂ, ಕೈಲಿರೋ ಕೆಲಸ ನೋಡು ಮೊದಲು, ಎಂದು ಪ್ಯೋ ಚೂನ್ಹಿ ತನ್ನನ್ನೇ ಗದರಿಕೊಂಡಳು, ಒಂದು ಕೈ ಮೇಲಿನ ಹಿಡಿಬಳೆಗೆ ಜೋತುಬಿದ್ದಿದೆ, ಮೊಣಕೈಗೆ ಎಳ್ಳೆಣ್ಣೆ ಶೀಸೆಯ ಚೀಲ, ಕೆಳಗಿಟ್ಟರೆ ಯಾರಾದರೂ ಒದ್ದಾರು, ಇನ್ನೊಂದು ಕೈಯಲ್ಲಿ ಮಡಚುವ ಫೋನು, ಅದನ್ನು ಬಿಡಿಸಲು ಎರಡು ಕೈ ಬೇಕು, ಮೂರನೆಯ ಕೈಯನ್ನು ದೇವರು ಕೊಟ್ಟಿಲ್ಲ. ಟೈ ಕಟ್ಟಿದ ಅಂಗಡಿಯವನು ಬಗ್ಗಿ ಬಗ್ಗಿ ಹೇಳಿದ್ದ, ಅಮ್ಮಾ, ಬಿಡುವಿಲ್ದೆ ಓಡಾಡ್ಕೊಂಡು ಕೆಲ್ಸ ಮಾಡೋರಿಗೆ ಅಂತಾನೇ ಮಾಡಿರೋದು ಇದು, ಮಡಚಿದ್ರೆ ಫೋನು, ಬಿಡಿಸಿದ್ರೆ ಆಫೀಸು — ಓಡಾಡುವವರು ಹೆಚ್ಚಾಗಿ ನಿಂತಿರುತ್ತಾರೆ ಎನ್ನುವುದು ಪಾಪ ಅವನಿಗೇನು ಗೊತ್ತು, ಇಡೀ ದಿನ ಸ್ಟೂಲಿನ ಮೇಲೆ ಕೂತಿರುವವನು. ಅವಳು ಕೊಂಡದ್ದು ಅವನ ಮಾತಿಗಲ್ಲ, ಅದು ಬಿಚ್ಚಿಕೊಂಡ ರೀತಿಗೆ, ಥೇಟ್ ಅವಳ ಹಳೆಯ ಆಲ್ಬಮ್ಮಿನ ಹಾಗೆ, ಮದುವೆ ಕುದುರಿಸಲು ಹೊರಟಂದಿನಿಂದ ಕಂಕುಳಲ್ಲಿಟ್ಟು ತಿರುಗಿದ ಆ ಕೆಂಪು ಬಟ್ಟೆಯ ಆಲ್ಬಮ್, ಎಡಕ್ಕೆ ಹುಡುಗ, ಬಲಕ್ಕೆ ಹುಡುಗಿ, ಮುಚ್ಚಿದರೆ ಎರಡೂ ಮುಖ ಟಪ್ಪೆಂದು ಒಂದಕ್ಕೊಂದು ಹತ್ತಿಕೊಳ್ಳುವುದು, ಪ್ರತಿ ಸಲವೂ ಅವಳಿಗೇ ನಾಚಿಕೆ, ಹಿರಿಯರಿನ್ನೂ ಹೂಂ ಅಂದಿಲ್ಲ, ಇವರಾಗಲೇ ಹಣೆಗೆ ಹಣೆ ಹಚ್ಚಿಕೊಂಡಾಯಿತು.

ಈಗ ಎಡಕ್ಕೆ ಗ್ಯೂವನ್, ದನಕರು ನಾಯಿಬೆಕ್ಕುಗಳ ಡಾಕ್ಟರು, ಬೆಕ್ಕಿನ ಎದೆಗೆ ಇಡುವ ಮೊದಲು ಸ್ಟೆತಸ್ಕೋಪನ್ನು ತನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಾನೆ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಚೂನ್ಹಿ ನೋಡಿದ್ದಾಳೆ. ಬಲಕ್ಕೆ ಸೊಲ್ಹಾ, ಶಾಲೆಮಕ್ಕಳ ಮಧ್ಯಾಹ್ನದ ಊಟ ನೋಡಿಕೊಳ್ಳುವವಳು, ಜೊತೆಯಲ್ಲಿ ಊಟಕ್ಕೆ ಕೂತಾಗ ಉಪ್ಪಿಗೆ ಹಾಕಿದ ಸೊಪ್ಪಿನೆಲೆ ಎರಡು ಅಂಟಿಕೊಂಡು ಮೇಲೇಳದೆ ಚೂನ್ಹಿ ಒದ್ದಾಡುತ್ತಿದ್ದರೆ ಈ ಹುಡುಗಿ ಮಾತು ನಿಲ್ಲಿಸದೆ, ಕಣ್ಣೆತ್ತದೆ, ತನ್ನ ಊಟದ ಕಡ್ಡಿಯಿಂದ ಕೆಳಗಿನ ಎಲೆಯನ್ನು ಒತ್ತಿ ಹಿಡಿದಳು, ಅಷ್ಟೇ, ಅಂದೇ ಚೂನ್ಹಿಗೆ ಗೊತ್ತಾಯಿತು, ಇವಳು ಅವನಿಗೆ, ಅವನು ಇವಳಿಗೆ, ಇದು ತಪ್ಪಿದರೆ ಇಂಥ ಜೋಡಿ ಮತ್ತೆ ಎಲ್ಲಿಂದ ತರಲಿ. ಆದರೆ ತಾಯಂದಿರು! ಮೊದ್ಲು ಹುಡುಗಿ ಕಡೆಯವ್ರು ಫೋಟೊ ಕಳಿಸ್ಲಿ ಅನ್ನುವವಳು ಗ್ಯೂವನ್ ತಾಯಿ, ನಾವೇನು ಮೇಲೆ ಬಿದ್ದು ಬಂದಿದೀವಾ, ಅವ್ರೇ ಮೊದ್ಲು ಕಳಿಸ್ಲಿ ಅನ್ನುವವಳು ಸೊಲ್ಹಾ ತಾಯಿ, ಚಳಿಗಾಲ ಪೂರ್ತಿ ಇದೇ ಆಯಿತು, ಕೊನೆಗೆ ಇಬ್ಬರಿಗೂ ಒಟ್ಟಿಗೇ, ಒಂದೇ ಉಸಿರಿಗೆ ಕಳಿಸುತ್ತೇನೆ ಎಂದು ಮಾತು ಕೊಟ್ಟು, ಈಗ ಮೆಟ್ರೊ ಬರುವ ಮುಂಚೆ ಬೆಂಚಿನ ಮೇಲೆ ಕೂತು ಫೋನು ಬಿಡಿಸಿ, ಪರದೆಯ ಎಡಭಾಗದಲ್ಲಿ ಅವನ ತಾಯಿಗೆ ಮೆಸೇಜು, ಬಲಭಾಗದಲ್ಲಿ ಇವಳ ತಾಯಿಗೆ, ಎರಡಕ್ಕೂ ಒಂದೊಂದು ಫೋಟೊ ಹಾಕಿ, ಎರಡು ಹೆಬ್ಬೆರಳು ಒಟ್ಟಿಗೆ ಒತ್ತಿ — ಹೋಯಿತು. ಉತ್ತರ ಬರಬೇಕಷ್ಟೆ.

ಬಂತು, ಫೋನು ಕೈಯಲ್ಲೇ ನಡುಗಿತು, ಮಡಚಿದ್ದನ್ನು ಹಾಗೇ ಕಿವಿಗಿಟ್ಟು, ಬಾಯಿಗೆ ಕೋಟಿನ ಕಾಲರನ್ನು ಅಡ್ಡ ಮಾಡಿಕೊಂಡು, ಹೇಳಿ ಗ್ಯೂವನ್ ತಾಯಿ. ಹೇಳೋದೇನು ಪ್ಯೋ ಮೇಡಂ, ನನ್ ಮಗನ ಫೋಟೊ ನನಗೇ ವಾಪಸ್ ಬಂದಿದೆಯಲ್ಲ, ಬೇಡ ಅಂದ್ರಾ ಅವ್ರು? ಬೇಡ ಅನ್ನೋಣ ಅಂತ ನಾವಿದ್ವಿ! — ಎಳ್ಳೆಣ್ಣೆ ಶೀಸೆ ಚೀಲದಲ್ಲಿ ವಾಲಿತು, ಚೂನ್ಹಿಯ ಕಸುಬಿನಲ್ಲಿ ಬೇಡ ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಫೋಟೊ ಲಕೋಟೆಯಲ್ಲಿ ಸದ್ದಿಲ್ಲದೆ ಹಿಂದಿರುಗುತ್ತದೆ, ಯಾರ ಮುಖವೂ ಯಾರೆದುರೂ ಬಾಡದಿರಲಿ ಎಂದು ಹಿಂದಿನವರು ಮಾಡಿಟ್ಟ ದಯೆ ಅದು, ಆದರೆ ಕಳಿಸಿದವರು ಯಾರು, ನಾನೇ, ನನ್ನ ಈ ಕೈಗಳೇ, ಎಡಕ್ಕೆ ಹುಡುಗ ಬಲಕ್ಕೆ ಹುಡುಗಿ ಎಂದು ಆಲ್ಬಮ್ಮಿನ ಅಭ್ಯಾಸದಲ್ಲಿ ಜೋಡಿಸಿ, ಎಡಕ್ಕೆ ಇದ್ದದ್ದು ಹುಡುಗನ ತಾಯಿ ಅಲ್ಲವೇ, ಅವರಿಗೆ ಹೋಗಬೇಕಾದದ್ದು ಹುಡುಗಿಯ ಮುಖ ಅಲ್ಲವೇ, ಅಯ್ಯೋ ಚೂನ್ಹಿ! ನೀವಿನ್ನೂ ಹುಡುಗಿನ ನೋಡೇ ಇಲ್ವಲ್ಲ ಅಂದಳು ಹೇಗೋ. ನೋಡ್ದೇನೇ ಬೇಡ ಅಂತಿದ್ವಿ! ಅಲ್ಲ, ನನ್ ಮಗನ್ನ ಬೇಡ ಅಂದ ಆ ಮುಖ ಹೆಂಗಿದೆ ಅಂತ ನೋಡ್ಬೇಕಲ್ಲ ನಾನು, ಕಳಿಸಿ ನೋಡೋಣ. ಫೋನಿಟ್ಟರು, ಇಟ್ಟದ್ದೇ ತಡ ಮಡಚಿದ ಫೋನಿನ ಹೊರಗಾಜಿನ ಮೇಲೆ ಸೊಲ್ಹಾ ತಾಯಿಯ ಮೆಸೇಜು, ಮೇಡಂ, ನನ್ನ ಮಗಳಲ್ಲಿ ಏನು ಕಮ್ಮಿ ಕಂಡ್ರಂತೆ? ಮೂಗಾ? ಆ ಮೂಗು ನಂದು. ಆ ಹುಡುಗನ ಮೂಗು ಎಷ್ಟು ಚೆಂದ ಇದೆ ನೋಡೇಬಿಡ್ತೀನಿ, ಕಳಿಸಿ.

ಕಳಿಸಬೇಕು, ಈಗಲೇ, ಸಿಟ್ಟು ಬಿಸಿಯಾಗಿರುವಾಗಲೇ, ಒಟ್ಟಿಗೇ, ಆರಿತೆಂದರೆ ಮತ್ತೆ ಮೊದ್ಲು ಅವ್ರು ಮೊದ್ಲು ಅವ್ರು ಶುರುವಾಗುತ್ತದೆ. ಒಂದು ಕೈಯಿಂದ ಫೋನು ಬಿಡಿಸಲು ನೋಡಿದಳು, ಆಗಲಿಲ್ಲ, ಗಲ್ಲ ಕೊಟ್ಟು ನೂಕಿದಳು, ಅಂಚನ್ನು ಹಲ್ಲಿಗೆ ಕಚ್ಚಿದಳು, ಪಕ್ಕದ ಸೂಟಿನವರು ಮರ್ಯಾದಸ್ಥರು, ಮುಖ ಆಚೆ ತಿರುಗಿಸಿಕೊಂಡರು, ಗಾಡಿ ಜಗ್ಗಿತು, ಚೀಲ ಹೋಗಿ ಆ ಸುರುಳಿ ಹುಡುಗಿಯ ಮೊಣಕಾಲಿಗೆ ಬಡಿಯಿತು. ಚೀಲ ಇಲ್ಲಿ ಕೊಡಿ ಅಮ್ಮಾ, ಹುಡುಗಿ ಕಣ್ಣು ಬಿಟ್ಟೂ ಬಿಡದೆ ಚೀಲವನ್ನು ಮಡಿಲಿಗೆ ಎಳೆದುಕೊಂಡಳು — ಮಡಿಲಿಗೆ! ಚೂನ್ಹಿ ಶಾಲೆಗೆ ಹೋಗುತ್ತಿದ್ದ ಕಾಲದ ಬಸ್ಸು, ಕೂತವರ ಮಡಿಲ ತುಂಬ ನಿಂತವರ ಚೀಲ, ಒಂದರ ಮೇಲೊಂದು ಗಲ್ಲದವರೆಗೆ, ಕೇಳುವುದೂ ಇಲ್ಲ ಹೇಳುವುದೂ ಇಲ್ಲ, ಆ ವಾಡಿಕೆಯೇ ಹೋಯಿತು ಅಂದುಕೊಂಡಿದ್ದೆನಲ್ಲ, ಇವಳಿಗೆ ಯಾರು ಹೇಳಿಕೊಟ್ಟರು. ಇನ್ನೊಂದು ಕೈನೂ ಬಿಡಿ, ನಾನ್ ಹಿಡ್ಕೊಂಡಿರ್ತೀನಿ ಎಂದು ಕೋಟಿನ ಬೆಲ್ಟನ್ನು ಕರುವಿನ ಹಗ್ಗದ ಹಾಗೆ ಹಿಡಿದಳು, ಮುಂದಿನ ಸ್ಟೇಷನ್ನಲ್ಲಿ ಇಳೀತೀನಿ, ಬೇಗ ಮಾಡಿ, ಆಫೀಸಿನ ಕೆಲ್ಸಾನಾ? ಮದುವೆ ಕಣಮ್ಮಾ, ಇಬ್ಬರದು. ಅಯ್ಯೋ, ಹಾಗಾದ್ರೆ ನಿಧಾನವಾಗೇ ಮಾಡಿ! ಬಿಚ್ಚಿಕೊಂಡಿತು ಫೋನು, ಮೆತ್ತಗೆ, ಆಲ್ಬಮ್ಮಿನಂತೆ, ಎಡಕ್ಕೆ ಹುಡುಗಿ, ಎಡಕ್ಕೆ ಹುಡುಗಿ ಎಂದು ಬಾಯಲ್ಲಿ ಹೇಳಿಕೊಳ್ಳುತ್ತ, ಬಲಕ್ಕೆ ಹುಡುಗ, ಇಬ್ಬರಿಗೂ ಕೆಳಗೊಂದೊಂದು ಸಾಲು, ಯಾರೂ ಯಾರನ್ನೂ ಬೇಡ ಅಂದಿಲ್ಲ, ಕೈ ತಪ್ಪಿದ್ದು ನನ್ನದು, ಬೈಯೋದಿದ್ದರೆ ನನ್ನನ್ನೇ ಬೈಯಿರಿ. ಎರಡು ಹೆಬ್ಬೆರಳು. ಒತ್ತಿದಳು.

ಓಡಾಡಿಕೊಂಡು ಕೆಲಸ ಮಾಡುವವರಿಗೆ ಇದು ಸರಿಯೇ, ಆ ಟೈಯವನಿಗೆ ಹೇಳಬೇಕು, ಸರಿಯಪ್ಪಾ, ಬೆಲ್ಟು ಹಿಡಿದುಕೊಳ್ಳುವವರನ್ನೂ ಡಬ್ಬಿಯಲ್ಲೇ ಇಟ್ಟು ಕೊಡು, ಮತ್ತೆ — ಎಡಭಾಗದಲ್ಲಿ ಗ್ಯೂವನ್ ತಾಯಿಯ ಸಾಲು ಮೂಡಿತು, ಈ ಹುಡುಗಿ ಊಟ ಸರಿಯಾಗಿ ಮಾಡ್ತಾಳಾ? ತುಂಬ ಸಣ್ಣ ಇದ್ದಾಳೆ. ಊಟದ ಚಿಂತೆ ಹತ್ತಿತೆಂದರೆ ಆಗಲೇ ತಟ್ಟೆ ಇಟ್ಟಾಯಿತು, ಚೂನ್ಹಿಗೆ ಗೊತ್ತು, ಆದರೆ ಬಲಭಾಗ ಖಾಲಿ, ಸೊಲ್ಹಾ ತಾಯಿ ನೋಡಿಯಾಗಿದೆ, ಮಾತಿಲ್ಲ, ಮೂಗು ನೋಡುತ್ತಿದ್ದಾರೋ, ಗಾಡಿ ನಿಂತಿತು, ಹುಡುಗಿ ಎದ್ದು ಎರಡೂ ಕೈಯಲ್ಲಿ ಚೀಲ ಹಿಂದಕ್ಕೆ ಕೊಟ್ಟಳು, ಕಣ್ಣೆಲ್ಲ ಈಗ ಎಚ್ಚರ, ಒಪ್ಕೊಂಡ್ರಾ? ಅರ್ಧ ಒಪ್ಕೊಂಡ್ರಮ್ಮಾ, ತಡಿ, ನಿನ್ನ ಹಣೆ ಮೇಲೆ, ಸುರುಳಿ. ಅಯ್ಯಯ್ಯೋ, ಇವತ್ತು ಇಂಟರ್‌ವ್ಯೂ! ಕಿತ್ತುಕೊಂಡು ಓಡಿದಳು, ಹೆಸರು ಕೇಳಲಿಲ್ಲವಲ್ಲ, ಬೂಸಾನಿನವನಿಗೆ — ಅವಳ ಸೀಟಿನಲ್ಲಿ ಆಗಲೇ ಯಾರೋ ಕೂತು ಕಣ್ಣು ಮುಚ್ಚಿದ್ದಾರೆ, ಚೂನ್ಹಿ ಫೋನನ್ನು ಮಡಚಿ ಕೋಟಿನ ಜೇಬಿಗೆ ಹಾಕಿದಳು, ಟಪ್, ಒಂದು ಕೈ ಹಿಡಿಬಳೆಗೆ, ಒಂದು ಕೈ ಚೀಲಕ್ಕೆ, ಸುರಂಗ ಮುಗಿದು ಗಾಡಿ ಬೆಳಕಿಗೆ ಬಂತು, ಕೆಳಗೆ ಹೊಳೆ ಇಷ್ಟಗಲ, ಎಲ್ಲರ ಮುಖದ ಮೇಲೂ ಬಿಸಿಲು, ಜೇಬಿನಲ್ಲಿ ಫೋನು ಒಮ್ಮೆ ನಡುಗಿತು, ಬಲಭಾಗವೇ ಇರಬೇಕು, ಏನು ಬರೆದಿದ್ದಾರೋ, ತೆಗೆಯಲು ಕೈಯಿಲ್ಲ, ಮತ್ತೊಮ್ಮೆ ನಡುಗಿತು, ಒಳಗೆ, ಆ ಮಡಿಕೆಯ ಕತ್ತಲಲ್ಲಿ, ಎಡಕ್ಕೆ ಹುಡುಗಿ, ಬಲಕ್ಕೆ ಹುಡುಗ, ಹಣೆಗೆ ಹಣೆ, ಹಣೆಗೆ ಹಣೆ