ಬಟ್ಟೆ ಮುಚ್ಚಬೇಕಾಗಿದ್ದ ಕಲ್ಲು

ಮನೆ ನಂಬರಿಗೆ ಬಂಗಾರದ ಬಣ್ಣ ಬಳಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಬಣ್ಣ ಕಪ್ಪಿಡುತ್ತದೆ. ಹಚ್ಚಿದರೆ ಅಸಲಿ ಬಂಗಾರದ ಹಾಳೆ ಹಚ್ಚಬೇಕು, ಇಪ್ಪತ್ತು ವರ್ಷ ಜಪ್ಪಯ್ಯ ಅಂದರೂ ಮಾಸುವುದಿಲ್ಲ. ಬೆಳಗಾವಿ ಕೋಟೆಯ ಹತ್ತಿರ ನನ್ನ ಅಂಗಡಿ. ಬಂದವರಿಗೆಲ್ಲ ಇದನ್ನೇ ಹೇಳಿ ಅರ್ಧ ಗಿರಾಕಿಗಳನ್ನು ಕಳೆದುಕೊಂಡಿದ್ದೇನೆ.

ಶಿವಬಸವ ನಗರದ ಪ್ರಸಾದ ಮಾತ್ರ ಒಂದೇ ಮಾತಿಗೆ ಒಪ್ಪಿದ. ಖಾನಾಪುರದಲ್ಲಿ ಅವನ ಸೋದರತ್ತೆಯ ಮನೆ. ಗೇಟಿನ ಕಂಬಕ್ಕೆ ಕರಿಕಲ್ಲು ಕೂರಿಸಿಯಾಗಿತ್ತು, ಅಕ್ಷರ ನಾನು ಬರೆಯಬೇಕು. ನಾಲ್ಕಾರು ಮಾದರಿ ತೋರಿಸಿದೆ. ಬಹಳ ಹೊತ್ತು ನೋಡಿ ದುಂಡನೆಯ ಅಕ್ಷರ ಆರಿಸಿದ. ಮೇಲೆ ಮನೆ ನಂಬರು ೪೧೨, ಅದರ ಕೆಳಗೆ ‘ಲಿಂಗೈಕ್ಯ ಶಿವಬಸವ್ವನವರ ಸ್ಮರಣೆಗಾಗಿ’. ಹೋದವರನ್ನು ಇಷ್ಟು ಪ್ರೀತಿಯಿಂದ ನೆನೆಯುವವರು ಈಗ ಎಲ್ಲಿದ್ದಾರೆ ಎಂದು ನಾನೇ ಹೊಗಳಿದೆ.

“ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ. ಹಿತ್ತಾಳಿ ಅಲ್ಲ ಇದು. ಒದ್ದಿ ಬಟ್ಟೀಲೆ ಮೆಲ್ಲಗ ಒರಸಿದ್ರ ಸಾಕು,” ಎಂದೆ.

“ತಿಕ್ಕವ್ರು ಅಲ್ಲಿ ಯಾರೂ ಇರಂಗಿಲ್ರಿ, ಭರಮಣ್ಣಾರ. ಕೆಲಸ ಮುಗದ ಮ್ಯಾಲೆ ಬಟ್ಟಿ ಮುಚ್ಚಿ ಬರ್ರಿ. ನಾನ ಬಂದು ತಗೀತೀನಿ.”

ಮರುದಿನ ಮುಂಜಾನೆ ಖಾನಾಪುರಕ್ಕೆ ಹೋದೆ. ಗೇಟಿನೊಳಗೆ ಸ್ಕೂಟರ್ ನಿಲ್ಲಿಸಿ, ಕಲ್ಲಿನ ಮೇಲೆ ಅಕ್ಷರಗಳ ಗುರುತು ಹಾಕಿ, ಅದರ ಮೇಲೆ ಅಂಟು ಎಳೆದೆ. ಅಂಟು ಹದಕ್ಕೆ ಬರುವ ತನಕ ಬಂಗಾರ ಮುಟ್ಟುವಂತಿಲ್ಲ. ಕಾಯುತ್ತ ಕುಳಿತಿದ್ದಾಗ ಬಾಗಿಲು ತೆರೆಯಿತು. ಎಪ್ಪತ್ತು ದಾಟಿದ ಒಬ್ಬ ಅವ್ವ ಚಹಾ ಹಿಡಿದು ಗೋಡೆ ಆಸರೆಯಲ್ಲಿ ಬಂದಳು.

“ನನ್ನ ಹೆಸರ ಚಂದಂಗ ಬರಿ, ತಮ್ಮಾ. ಬಂಗಾರದಾಗ ಬರಸ್ತೀನಿ ಅಂದಾನ ಪ್ರಸಾದ. ನಾ ಕಲತದ್ದು ಮರಾಠಿ ಸಾಲಿ. ಕನ್ನಡ ಮಾತಾಡ್ತೀನಿ, ಓದಾಕ ಬರಂಗಿಲ್ಲ.”

“ನಿಮ್ಮ ಹೆಸರೇನ್ರಿ, ಅವ್ವಾರ?”

“ಶಿವಬಸವ್ವ.”

ಚಹಾ ಕೆಳಗಿಟ್ಟು, ಮನೆಯ ಹಿಂದೆ ಹೋಗಿ ಪ್ರಸಾದನಿಗೆ ಫೋನ್ ಮಾಡಿದೆ.

“ತಪ್ಪೇನೂ ಆಗಿಲ್ಲ, ನೀವು ಹಚ್ಚರಿ,” ಎಂದ, ದರ ಹೇಳುವ ದನಿಯಲ್ಲಿ. “ಬಾಳ ದಿನಾ ಇಲ್ಲ ಅಂತ ಡಾಕ್ಟರು ಹೇಳ್ಯಾರ. ಈಗ ಬರೆ ನಾಕ ದಿನಾ ಮೊದಲ ಆತು, ಅಷ್ಟ. ನಾನೂ ಬರಾಕತ್ತೇನಿ.”

ತಾನಾಯಿತು ತನ್ನ ಕೆಲಸವಾಯಿತು ಎಂದು ಬದುಕಿದವನು ನಾನು. ನಾಚಿಕೆಗೇಡು, ಅವತ್ತೂ ಹಾಗೆಯೇ ಮಾಡಿದೆ. ನಂಬರಿಗೆ ಹಾಳೆ ಕೂರಿಸಿದೆ, ಆಮೇಲೆ ಕೆಳಗಿನ ಸಾಲಿಗೆ. ಬರಿಯ ಅಂಟಿದ್ದಾಗ ಕರಿಕಲ್ಲಿನ ಮೇಲೆ ಸರಿಯಾಗಿ ಕಾಣದ ‘ಲಿಂಗೈಕ್ಯ’ ಬಿಸಿಲಿಗೆ ಧಗಧಗ ಹೊಳೆಯಿತು. ಅದರ ಪಕ್ಕದಲ್ಲೇ ಅವ್ವ ನಿಂತು ನೋಡುತ್ತಿದ್ದಳು.

“ಅವ್ವಾರ, ಯಾವ ಡಾಕ್ಟರ ಕಡೆ ತೋರಿಸೀರಿ?”

“ಡಾಕ್ಟರ ಯಾಕಪಾ, ನನಗೇನಾಗೇತಿ? ಪ್ರಸಾದ ಶಕ್ತಿ ಗುಳಿಗಿ ತಂದ ಕೊಡ್ತಾನ, ಅವನ ಕೈಯಾರ ನುಂಗಸ್ತಾನ. ಅದನ್ನ ಶುರು ಮಾಡಿದಾಗಿಂದ ತೆಲಿ ಗಿರ್ ಅಂತದ, ಖರೇ.”

ನನಗೆ ಹೆದರಿಕೆಯಾಯಿತು. ಹೆದರಿಕೆಯಲ್ಲೇ ಹೇಳಿಬಿಟ್ಟೆ. ನಂಬರಿನ ಕೆಳಗೆ ಮೂರು ಶಬ್ದಗಳಿವೆ, ಮೊದಲನೆಯದನ್ನು ಸತ್ತವರ ಹೆಸರಿನ ಹಿಂದೆ ಹಾಕುತ್ತಾರೆ, ಅವನೇ ಬರೆಸಿದ್ದು ಎಂದೆ.

ಅವ್ವನ ಮುಖ ಬಿಗಿಯಿತು. “ಎತ್ತಿ ಆಡಿಸಿದ ಕೂಸು ಅದು. ಬಂಗಾರ ಹಚ್ಚಾಕ ಬಂದಾಂವ ಮನಿಗೆ ಬೆಂಕಿ ಹಚ್ಚತೀಯೇನು?”

ಅಷ್ಟರಲ್ಲಿ ಪ್ರಸಾದನ ಕಾರು ಬಂದು ಗೇಟಿಗೆ ಅಡ್ಡ ನಿಂತಿತು. ಇಳಿದವನ ಕೈಯಲ್ಲಿ ಔಷಧದ ಚೀಲವಿತ್ತು. ಅವ್ವ ನಗುತ್ತಲೇ ಕರೆದಳು.

“ಬಾ, ಇದನ್ನೊಂದು ಓದಿ ಹೇಳು.”

ಪ್ರಸಾದ ನನ್ನನ್ನೊಮ್ಮೆ ನೋಡಿದ. “ನಾಕನೂರಾ ಹನ್ನೆರಡು. ಶಿವಬಸವ್ವ ನಿಲಯ. ಚಲೋ ಆಗೇತಲ್ಲ, ಅತ್ತಿ?”

“ಚಲೋ ಆಗೇತಿ.” ಅವ್ವ ಮೊದಲ ಶಬ್ದದ ಮೇಲೆ ಬೆರಳಿಟ್ಟಳು. ಹಸಿ ಬಂಗಾರ ಮುಟ್ಟಬಾರದು, ನಾನು ತಡೆಯಲಿಲ್ಲ. “ಓದಾಕ ಬರದಿದ್ರೂ ಎಣಸಾಕ ಬರ್ತದ ನನಗ. ನಂಬರ ಕೆಳಗ ಮೂರ ಶಬ್ದ ಅದಾವ, ನೀ ಎರಡ ಓದಿದಿ. ಇದೇನು?”

ಪ್ರಸಾದ ಚೀಲದೊಳಗೆ ಕೈಹಾಕಿ ಗುಳಿಗೆ ಹುಡುಕತೊಡಗಿದ. ಅವ್ವ ಅವನ ಮುಖವನ್ನೇ ನೋಡುತ್ತ ಕಾಯ್ದಳು. ನೋಡನೋಡುತ್ತ ಅವಳ ನಗು ಇಳಿಯಿತು. ಮೆಟ್ಟಿಲ ಬಳಿಯ ಚಪ್ಪಲಿ ಮೆಟ್ಟಿಕೊಂಡು ನನ್ನ ಹತ್ತಿರ ಬಂದಳು.

“ತಮ್ಮಾ, ನಿನ್ನ ಗಾಡಿ ಮ್ಯಾಲೆ ಇನ್ನೊಬ್ಬರಿಗೆ ಜಾಗಾ ಐತೇನು?”

“ಎಲ್ಲಿ ಹೋಗ್ತಿ ಅತ್ತಿ,” ಎಂದ ಪ್ರಸಾದ ಮೆಲ್ಲಗೆ. ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡ. “ಗುಳಿಗಿ ತಗೊಳ್ಳು ಹೊತ್ತಾತು. ಭರಮಣ್ಣಾರ, ನೀವು ನಡಕೋತ ಹೋಗ್ರಿ. ಗಾಡಿ ನಾಳಿ ಒಯ್ಯಾಕ ಬರತೇತಿ.”

ನಾನು ಸ್ಕೂಟರ್ ಏರಿದೆ. ಹೊರಗೆ ಹೋಗಲು ದಾರಿ ಇರಲಿಲ್ಲ. ಅವ್ವ ಹಿಂದೆ ಕುಳಿತು ನನ್ನ ಅಂಗಿ ಹಿಡಿದುಕೊಂಡಳು. ನಾನು ಹಾರ್ನ್ ಒತ್ತಿ ಹಿಡಿದೆ. ಪ್ರಸಾದ ಓಡಿ ಬಂದು ನನ್ನ ರಟ್ಟೆ ಹಿಡಿದೆಳೆದರೂ ಬಿಡಲಿಲ್ಲ.

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಬಂದವರು ಮೊದಲು ಕಲ್ಲನ್ನು ಓದಿದರು, ಆಮೇಲೆ ಅವ್ವನನ್ನು ನೋಡಿದರು. ಆಮೇಲೆ ಎಲ್ಲರೂ ಪ್ರಸಾದನ ಕಡೆ ತಿರುಗಿದರು.