ಒಂದರಲ್ಲಿ ಸದ್ದು, ಇನ್ನೊಂದರಲ್ಲಿ ಚಿತ್ರ

ಪಾಸೊ ಹೊಂದೊ ಎಂಬ ಹಳ್ಳಿಯ ಜನಕ್ಕೆ ಭಾನುವಾರ ಮಧ್ಯಾಹ್ನವಾದರೆ ಶಾಲೆಯ ಗೋಡೆಯೇ ಗತಿ. ಶಾಲೆಗೆ ಬೀಗ ಬಿದ್ದಿರುತ್ತದೆ, ಅದರ ಇಂಟರ್ನೆಟ್ ಸಿಗ್ನಲ್‌ಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತರೆ, ಸರ್ಕಾರ ಮಕ್ಕಳಿಗೆ ಹಂಚಿದ ಹಸಿರು-ಬಿಳಿ ಪುಟಾಣಿ ಕಂಪ್ಯೂಟರಿಗೆ ಲೋಕವೆಲ್ಲ ಬಂದು ಸೇರುತ್ತದೆ. ನಿಧಾನಕ್ಕೆ ಬರುತ್ತದೆ, ಅಷ್ಟೆ. ಮಕ್ಕಳು ಚೆಂಡಿನ ಹಿಂದೆ ಓಡುತ್ತಿರುತ್ತಾರೆ, ಕಂಪ್ಯೂಟರುಗಳು ಅಜ್ಜಿ, ಅಪ್ಪ, ಚಿಕ್ಕಪ್ಪಂದಿರ ತೊಡೆ ಏರಿ ಕೂತಿರುತ್ತವೆ.

ಆ ಭಾನುವಾರ ಇಡೀ ಊರೇ ಅಲ್ಲಿ ನೆರೆದಿತ್ತು. ಕಾರಣ, ಶಾಲೆಯ ಅಡುಗೆಯ ಒಲಿಂದಾಳಿಗೆ ಪೇಟೆಯ ಸೋದರತ್ತೆಯ ಮಗಳಿಂದ ಬಂದ ಒಂದು ಫೋನು. ಕಂಪ್ಯೂಟರ್ ಹಂಚಿದ ದಿನ ಟೀವಿಯವರು ಬಂದು ಚಿತ್ರ ತೆಗೆದಿದ್ದರಲ್ಲ, ಅದು ಈಗ ಅವರ ವೆಬ್ ಪುಟದಲ್ಲಿದೆಯಂತೆ. ಅದರಲ್ಲಿ ನಿಮ್ಮೂರಿನ ದಾಗೊಬೆರ್ತೊ ಇದ್ದಾನೆ, ನಿನ್ನ ಹೆಸರು ಎತ್ತಿದ್ದಾನೆ, ನೀನೇ ನೋಡಿಕೋ ಎಂದು ಹೇಳಿ ಅವಳು ನಕ್ಕು ಫೋನಿಟ್ಟಿದ್ದಳು. ನಕ್ಕಿದ್ದೇ ಎಡವಟ್ಟಾಯಿತು. ಒಲಿಂದಾ ಅದನ್ನು ಅಂಗಡಿಯ ವಾಷಿಂಗ್ಟನ್ನನಿಗೆ ಹೇಳಿದಳು. ವಾಷಿಂಗ್ಟನ್ನನಿಗೆ ಹೇಳಿದ ಮೇಲೆ ಬೇರೆ ಯಾರಿಗೂ ಹೇಳುವ ಅಗತ್ಯವಿಲ್ಲ.

ಸುದ್ದಿ ಕೇಳಿದಾಗ ದಾಗೊಬೆರ್ತೊ ಗಾಳಿಯಂತ್ರದ ಏಣಿಯ ಮೇಲಿದ್ದ. ಬೀಳಲಿಲ್ಲ, ಬಿದ್ದಿದ್ದರೇ ವಾಸಿ ಎನಿಸಿತು. ಸುತ್ತಮುತ್ತಲಿನ ಪಂಪು, ಜನರೇಟರು, ರೇಡಿಯೊ ಎಲ್ಲ ರಿಪೇರಿ ಮಾಡುವವನು ಅವನೇ. ವಯಸ್ಸು ನಲವತ್ಮೂರು. ಪಂಪಿನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾನೆ, ಒಲಿಂದಾ ಎದುರು ಬಂದರೆ ಬಾಯಿಗೆ ಬೀಗ. ಐದು ವರ್ಷದಿಂದ ಅವಳ ಅಡುಗೆಮನೆಯ ನಲ್ಲಿ ಬಿಗಿಮಾಡಿ, “ಆಯ್ತು” ಎಂದಷ್ಟೇ ಹೇಳಿ ಹೊರಟುಬಿಡುತ್ತಾನೆ.

ಅಂಥವನು ಟೀವಿಯ ಹುಡುಗಿ ಮೈಕು ಹಿಡಿದಾಗ ಹೇಗೋ ಬಾಯಿ ಬಿಟ್ಟುಬಿಟ್ಟಿದ್ದ. ಅವಳು ಕೇಳಿದ್ದು ಕಂಪ್ಯೂಟರ್ ಬಗ್ಗೆ. ಇವನು ಶುರುಮಾಡಿದ್ದೂ ಅದರ ಬಗ್ಗೆಯೇ, ಮುಗಿಸಿದ್ದು ಮಾತ್ರ ಒಲಿಂದಾಳನ್ನು ಮದುವೆಯಾಗಬೇಕೆಂಬ ಆಸೆಯ ಬಗ್ಗೆ. ಗುಡ್ಡ ಅಡ್ಡವಿರುವುದರಿಂದ ಆ ಚಾನೆಲ್ ಪಾಸೊ ಹೊಂದೊದಲ್ಲಿ ಹಿಡಿಯುವುದಿಲ್ಲ. ಹಾಳುಬಾವಿಗೆ ಮುಖ ಹಾಕಿ ಹೇಳಿಕೊಂಡಷ್ಟೇ ಕ್ಷೇಮ ಎಂದುಕೊಂಡು ಹಗುರಾಗಿ ಮನೆಗೆ ಹೋಗಿದ್ದ. ವೆಬ್ ಪುಟ ಗುಡ್ಡ ದಾಟಿ ಬರುತ್ತದೆ ಎನ್ನುವುದು ಆ ಜಾಣನಿಗೆ ಹೊಳೆದೇ ಇರಲಿಲ್ಲ.

ಗೋಡೆಯ ಬಳಿ ಅವನು ಬರುವ ಹೊತ್ತಿಗೆ ಒಂದು ಸಮಾಧಾನದ ಸುದ್ದಿ ಕಾದಿತ್ತು. ವಿಡಿಯೊ ಓಡುತ್ತಿಲ್ಲ. ಪುಟ ಬರುತ್ತದೆ, ವಿಡಿಯೊ ಇರಬೇಕಾದ ಜಾಗದಲ್ಲಿ ಬೂದು ಚೌಕ, ಅದರೊಳಗೆ, ವಿಡಿಯೊ ಓಡಿಸುವ ತಂತ್ರಾಂಶ, ಅಂದರೆ ಪ್ಲಗಿನ್, ಬೇಕು ಎಂಬ ಒಂದು ಸಾಲು. ದಾಗೊಬೆರ್ತೊ ಮನಸ್ಸಿನಲ್ಲೇ ಆ ಚೌಕಕ್ಕೆ ಕೈಮುಗಿದ. ಅಷ್ಟರಲ್ಲಿ ಎಲ್ಲರೂ ಅವನ ಕಡೆ ತಿರುಗಿದರು. ಕೆಟ್ಟ ಯಂತ್ರ, ಎದುರಿಗೆ ದಾಗೊಬೆರ್ತೊ. ಇನ್ನೇನು ತಾನೇ ಕೇಳುತ್ತಾರೆ.

“ಕೂತ್ಕೊಳಪ್ಪಾ,” ಎಂದಳು ದೊನ್ಯಾ ಪೊರ್ಫಿರಿಯಾ, ಮೊಮ್ಮಗಳ ಕಂಪ್ಯೂಟರನ್ನು ಅವನ ತೊಡೆಗೆ ತಳ್ಳಿ. ಎಂಬತ್ತು ದಾಟಿದ ಅಜ್ಜಿ, ಊರೆಲ್ಲ ಗೌರವದಿಂದ ದೊನ್ಯಾ ಎಂದೇ ಕರೆಯುತ್ತದೆ. “ನಿನ್ ಮುಖಾನ ನೀನೇ ರಿಪೇರಿ ಮಾಡ್ಕೋ.”

ಬೇಕಿದ್ದರೆ ಅವನು ತಲೆಯಾಡಿಸಿ, ಇದು ಆಗೋ ಕೆಲಸ ಅಲ್ಲ ಎಂದು ಎದ್ದುಹೋಗಬಹುದಿತ್ತು. ಯಾರೂ ಅನುಮಾನಪಡುತ್ತಿರಲಿಲ್ಲ. ಆದರೆ ಇಪ್ಪತ್ತು ವರ್ಷದಲ್ಲಿ ಅವನ ಕೈಗೆ ಬಂದ ಯಾವ ಯಂತ್ರವೂ ಹಾಗೇ ವಾಪಸು ಹೋದದ್ದಿಲ್ಲ. ಪ್ರೀತಿಯ ಮಾತಿರಲಿ, ಇದು ಕಸುಬಿನ ಮರ್ಯಾದೆ. ಮನುಷ್ಯನ ಬುದ್ಧಿ ಎಂಥದು ನೋಡಿ, ಮಾನ ಹೋಗುತ್ತದೆ ಎಂದು ಗೊತ್ತಿದ್ದೂ ಕೈ ತಾನಾಗಿ ಕೀಲಿಗಳ ಮೇಲೆ ಹೋಯಿತು.

ಆ ಕಂಪ್ಯೂಟರಿನಲ್ಲಿ ಮೊದಲೇ ಒಂದು ಪುಕ್ಕಟೆ ಪ್ಲಗಿನ್ ಇತ್ತು, ಕಟ್ಟಿಹಾಕಿದಂತೆ ಮಲಗಿತ್ತು. ಅದನ್ನು ಎಬ್ಬಿಸಿದ. ವಿಡಿಯೊ ಓಡಿತು, ಸದ್ದು ಬಂತು, ಚಿತ್ರ ಬರಲಿಲ್ಲ. ಟೀಚರ್ ಸುಲ್ಮಾ ಪೇಟೆಯಿಂದ ಪೆನ್‌ಡ್ರೈವಿನಲ್ಲಿ ಬೇರೊಂದು ದೊಡ್ಡ ಪ್ಲಗಿನ್ ತಂದಿದ್ದಳು. ಅದನ್ನು ಅವಳ ಕಂಪ್ಯೂಟರಿಗೆ ಹಾಕಿದ್ದಾಯಿತು. ಅಲ್ಲಿ ಚಿತ್ರ ಬಂತು, ಸದ್ದಿಲ್ಲ. ಆ ಬಡಪಾಯಿ ಪೆಟ್ಟಿಗೆಗೆ ಎರಡನ್ನೂ ಒಟ್ಟಿಗೆ ಎಳೆಯುವ ತ್ರಾಣವೇ ಇರಲಿಲ್ಲ. ಚಿತ್ರವಾದರೂ ಹೇಗೆ? ಒಂದು ಬರುತ್ತದೆ, ನಿಲ್ಲುತ್ತದೆ, ಉಸಿರು ತೆಗೆದುಕೊಂಡು ಇನ್ನೊಂದು ಬರುತ್ತದೆ.

“ಎರಡನ್ನೂ ಪಕ್ಕ ಪಕ್ಕ ಇಟ್ಟು ಒಟ್ಟಿಗೆ ಒತ್ತಿದ್ರಾಯ್ತಲ್ಲ,” ಎಂದಳು ಒಲಿಂದಾ. ಅವಳು ಒಂದು ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಅವುಚಿಕೊಂಡು, ಒಂದೇ ಸೋರೆಬುರುಡೆಯಲ್ಲಿ ಮಟೆ ಎಲೆಯ ಕಷಾಯ ತುಂಬಿ ತುಂಬಿ ಸರದಿಯಂತೆ ಒಬ್ಬೊಬ್ಬರಿಗೂ ಕೊಡುತ್ತಿದ್ದಳು. ಹೆದರಿಕೆಯ ನಡುವೆಯೂ ದಾಗೊಬೆರ್ತೊನಿಗೆ ಅವಳ ಉಪಾಯ ಹಿಡಿಸಿತು. ತನಗೇ ಹೊಳೆಯಬೇಕಿತ್ತು ಎಂದುಕೊಂಡ.

ಇಟ್ಟರು. ಇನ್ನೇನು ಒತ್ತಬೇಕು, ವಾಷಿಂಗ್ಟನ್ ಅಡ್ಡ ಬಂದ. ಕೆಸರಲ್ಲಿ ಹೂತ ಲಾರಿಯನ್ನು ಇಬ್ಬರು ತಳ್ಳಿದರೆ ಏಳುತ್ತದೆಯೇ, ಎಲ್ಲರೂ ಕೈಹಾಕಬೇಕು ಎಂಬುದು ಅವನ ವಾದ. ಈ ಊರಿನಲ್ಲಿ ಕುರಿ ತುಪ್ಪಟ ಕತ್ತರಿಸುವುದರಿಂದ ಹಿಡಿದು ಮಾಡು ಹೊದಿಸುವವರೆಗೆ ಎಲ್ಲ ಕೆಲಸವೂ ನಡೆಯುವುದು ಹಾಗೆಯೇ. ಒಬ್ಬನಿಗೆ ಕಷ್ಟವಾದರೆ ಹತ್ತು ಜನ ತೋಳೇರಿಸುತ್ತಾರೆ. ಅಂತೆಯೇ ಗೋಡೆಯುದ್ದಕ್ಕೂ ಕೂತವರೆಲ್ಲ ತಂತಮ್ಮ ತೊಡೆಯ ಕಂಪ್ಯೂಟರಿನಲ್ಲೂ ಮಲಗಿದ್ದ ಪ್ಲಗಿನ್ ಎಬ್ಬಿಸಿ, ಅದೇ ವಿಡಿಯೊ ತೆರೆದು, ಶ್ರದ್ಧೆಯಿಂದ ಒತ್ತಿ, ಸಹಾಯ ಮಾಡತೊಡಗಿದರು. ಹನ್ನೊಂದು ಪೆಟ್ಟಿಗೆಗಳು ಇದ್ದ ಒಂದು ಎಳೆ ಸಿಗ್ನಲ್ಲನ್ನು ಕಿತ್ತಾಡಿಕೊಂಡವು. ಯಾವುದರಲ್ಲೂ ಏನೂ ಬರಲಿಲ್ಲ.

ಇದು ಹೀಗಾಗುತ್ತದೆ ಎಂದು ದಾಗೊಬೆರ್ತೊನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಕೆಡಿಸಿದ್ದು ತಾನಲ್ಲವಲ್ಲ, ಕಸುಬಿಗೂ ಕಳಂಕವಿಲ್ಲ. ಅರ್ಧ ಗಂಟೆ ಅವನು ಸ್ವರ್ಗದಲ್ಲಿದ್ದ. ದೊನ್ಯಾ ಪೊರ್ಫಿರಿಯಾ ಪರದೆಗೆ ಬೈದಳು, ವಾಷಿಂಗ್ಟನ್ ಎಲ್ಲರಿಗೂ ಇನ್ನೂ ಜೋರಾಗಿ ಒತ್ತಲು ಹೇಳಿದ, ಮಟೆ ಮೂರು ಸುತ್ತು ಬಂತು. ಕೊನೆಗೆ ಸುಲ್ಮಾ ಟೀಚರಿಗೆ ತಲೆ ಓಡಿತು. ತರಗತಿಯ ದನಿಯಲ್ಲಿ ಎಲ್ಲರೂ ಮುಚ್ಚಿ ಎಂದಳು. ಅಜ್ಜಿಯರೂ ಹೆದರಿ ಮುಚ್ಚಿದರು.

ಎರಡು ಪೆಟ್ಟಿಗೆ ಉಳಿದವು. ಸುಲ್ಮಾ ಒಂದು, ಎರಡು, ಮೂರು ಎಣಿಸಿ ಒಂದನ್ನು ಒತ್ತಿದಳು, ದಾಗೊಬೆರ್ತೊ ಇನ್ನೊಂದನ್ನು. ಒಲಿಂದಾ ಬುರುಡೆ ಹಿಡಿದು ಹಿಂದೆಯೇ ನಿಂತಿದ್ದಳು.

ಒಂದು ಪೆಟ್ಟಿಗೆಯಲ್ಲಿ ಅವನು ಟೊಪ್ಪಿ ತಿರುಚುತ್ತ ನಿಂತಿದ್ದ. ಇನ್ನೊಂದರಲ್ಲಿ ಅವನ ದನಿ ತಗಡಿನ ಡಬ್ಬದೊಳಗಿಂದ ಬಂದಂತೆ ಬಂತು. ಮಕ್ಕಳಿಗೆ ಒಳ್ಳೇದಾಯ್ತು, ಬ್ಯಾಟರಿ ಬೇಗ ಇಳಿಯುತ್ತೆ, ಏನಾದರೂ ಕೆಟ್ಟರೆ ನಾನಿದ್ದೀನಿ. ಆಮೇಲೆ ಒಂದು ಕೆಮ್ಮು. ಆಮೇಲೆ, “ಈ ಶಾಲೆ ಅಡುಗೆಮನೇಲಿ ಒಲಿಂದಾ ಅಂತ ಇದ್ದಾಳೆ...”

ಅಲ್ಲಿಗೆ ನಿಂತಿತು. ಚಿತ್ರದಲ್ಲಿ ಅವನ ಬಾಯಿ ತೆರೆದೇ ಇತ್ತು. ಪರದೆಯ ನಡುವೆ ಒಂದು ಸಣ್ಣ ಚಕ್ರ ತಿರುಗತೊಡಗಿತು.

ಚಕ್ರ ತಿರುಗಿತು, ತಿರುಗಿತು. ಮುಂದಿನ ಮಾತು ಯಾವುದೆಂದು ಗೊತ್ತಿದ್ದವನು ಅವನೊಬ್ಬನೇ. ಇನ್ನು ಒಂದು ನಿಮಿಷವೋ ಎರಡು ನಿಮಿಷವೋ, ಆಮೇಲೆ ಅವನ ಐದು ವರ್ಷದ ಮಾತನ್ನು ಈ ತಗಡು ದನಿ ಊರೆಲ್ಲರ ಮುಂದೆ ಒದರುತ್ತದೆ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು. ಹೇಳಿದರೆ ತಾನೇ ಹೇಳಬೇಕು, ಈ ಪೆಟ್ಟಿಗೆ ಯಾರು ಹೇಳುವುದಕ್ಕೆ?

“ಮುಂದಿಂದು ನಾನೇ ಹೇಳ್ತೀನಿ,” ಎಂದ. ಎಲ್ಲರ ಕತ್ತೂ ಅವನತ್ತ ಹೊರಳಿತು. “ಐದು ವರ್ಷದಿಂದ ಅವಳನ್ನ ಮದುವೆಯಾಗ್ಬೇಕು ಅಂತಿದ್ದೀನಿ. ಎದುರಿಗೆ ಹೇಳೋಕೆ ಧೈರ್ಯ ಸಾಲ್ದು. ಅದಕ್ಕೇ ಟೀವಿಯವರಿಗೆ ಹೇಳ್ದೆ. ಅಷ್ಟೇನೇ.”

ಚಕ್ರ ಆಗ ಮಾಯವಾಯಿತು. ತಗಡಿನ ದನಿ ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಮುಂದುವರಿಯಿತು: “...ಅವಳು ಕರಿದು ಕೊಡೋ ತೊರ್ತಾ ಫ್ರೀತಾ ರೊಟ್ಟಿ ತಿನ್ನೋಕಾದ್ರೂ ಮಕ್ಕಳು ಶಾಲೆ ತಪ್ಪಿಸಲ್ಲ.” ಟೀವಿಯ ಹುಡುಗಿ ನಕ್ಕು ಧನ್ಯವಾದ ಹೇಳಿದಳು. ಮರುಕ್ಷಣವೇ ದನಗಳ ಪ್ರದರ್ಶನದಲ್ಲಿ ಬಹುಮಾನ ಗೆದ್ದ ಒಂದು ಹೋರಿಯ ವರದಿ. ಉಳಿದ ಮಾತನ್ನೆಲ್ಲ ಟೀವಿಯವರು ಎಂದೋ ಕತ್ತರಿಸಿ ಬಿಸಾಕಿದ್ದರು.

ಮೊದಲು ನಕ್ಕವನು ವಾಷಿಂಗ್ಟನ್. ಆಮೇಲೆ ಗೋಡೆಗೆ ಗೋಡೆಯೇ ನಕ್ಕಿತು. ದೊನ್ಯಾ ಪೊರ್ಫಿರಿಯಾ ಕಣ್ಣೊರೆಸಿಕೊಳ್ಳುತ್ತ, “ಅಯ್ಯೋ ಮಂಕೇ, ಎರಡು ನಿಮಿಷ ತಡ್ಕೊಂಡಿದ್ರೆ ಬಚಾವಾಗ್ತಿದ್ದೆಯಲ್ಲೋ,” ಎಂದಳು. ದಾಗೊಬೆರ್ತೊನ ಕಿವಿ ಕಾದು ಕೆಂಪಾಯಿತು. ಭೂಮಿ ಬಾಯಿಬಿಡಲಿ ಎಂದು ಕಾದ, ಬಿಡಲಿಲ್ಲ. ಕಂಪ್ಯೂಟರನ್ನು ಪಕ್ಕಕ್ಕೆ ಸರಿಸಿ ಏಳಲು ಹೊರಟ.

ನಗದೇ ಇದ್ದವಳು ಒಲಿಂದಾ ಒಬ್ಬಳೇ. ಅವಳು ಬುರುಡೆಗೆ ನಿಧಾನವಾಗಿ ನೀರು ತುಂಬಿದಳು. ಸರದಿ ದೊನ್ಯಾ ಪೊರ್ಫಿರಿಯಾಳದು, ಅಜ್ಜಿ ಆಗಲೇ ಕೈ ಚಾಚಿದ್ದಳು. ಮಟೆ ಹಂಚುವಾಗ ಸರದಿ ತಪ್ಪಿಸುವುದೆಂದರೆ ಈ ಊರಿನಲ್ಲಿ ಮುಖಕ್ಕೆ ಹೊಡೆದಂತೆ. ಒಲಿಂದಾ ಆ ಕೈಯನ್ನು ದಾಟಿ ಬುರುಡೆಯನ್ನು ದಾಗೊಬೆರ್ತೊನ ಕೈಗಿಟ್ಟಳು. ಅವನು ಏಳಲೂ ಆಗದೆ ಕೂರಲೂ ಆಗದೆ ಕುಡಿದು ಕೊಟ್ಟ. ಅವಳು ಮತ್ತೆ ತುಂಬಿ ಮತ್ತೆ ಅವನಿಗೇ ಕೊಟ್ಟಳು. ನಗು ಒಂದೊಂದಾಗಿ ನಿಂತಿತು.

“ಏ ಹುಡುಗಿ, ಸರದಿ ನಂದು,” ಎಂದಳು ಅಜ್ಜಿ.

“ಸ್ವಲ್ಪ ತಡ್ಕೊಳ್ಳಿ ದೊನ್ಯಾ,” ಎಂದಳು ಒಲಿಂದಾ, “ನಮ್ಮನೆಯವರು ಕುಡಿದು ಮುಗಿಸ್ಲಿ.”

ದಾಗೊಬೆರ್ತೊ ನಾಲಿಗೆ ಸುಟ್ಟುಕೊಂಡ, ಆದರೂ ಬುರುಡೆ ಬಿಡಲಿಲ್ಲ.