ಹೆಲ್ಸಿಂಕಿಯಿಂದ ಬಂದ ಚಾಕು

ನನ್ನ ಮಗಳು ಲಾವಣ್ಯ ಚಾಕು ತಯಾರಿಸುವ ಕಂಪನಿಯಲ್ಲಿದ್ದಾಳೆ. ಅಪ್ಪಣೆಯೆಲ್ಲ ಹೊರಡುವುದು ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಿಂದ. ಇಲ್ಲಿ ಅಮೆರಿಕದ ಇಟಾಸ್ಕಾದಲ್ಲಿರುವುದು ಸಣ್ಣ ಆಫೀಸು. ಅದನ್ನು ಮುಚ್ಚುತ್ತಾರೆಂಬ ಸುದ್ದಿ ಹುಟ್ಟಿದ ಮೇಲೆ ಹತ್ತಿರದ ಊರು ಲೊಂಬಾರ್ಡಿನ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ಕುಳಿತು ಉಂಡಿರಲಿಲ್ಲ. ಕೆಲಸ ಹೋದರೆ ವೀಸಾ ಹೋಯಿತು. ಫೋನು ಗುಂಯ್ ಎಂದರೆ ಸಾಕು, ಲಾವಣ್ಯ ಒಲೆಯ ಮೇಲಿನ ಹಾಲನ್ನೂ ಮರೆತು ಓಡುವಳು.

ಹೆಲ್ಸಿಂಕಿಯ ಅಧಿಕಾರಿ ಯುಹಾನಿ ಮೊದಲ ಸಲ ಅಮೆರಿಕಕ್ಕೆ ಬಂದಾಗ ಲಾವಣ್ಯ ಅವರನ್ನು ಶನಿವಾರ ಮಧ್ಯಾಹ್ನ ಊಟಕ್ಕೆ ಕರೆದಳು. ಬಿಸಿಬೇಳೆ ಬಾತ್ ಎರಡು ಸಲ ಹಾಕಿಸಿಕೊಂಡರು, ಆಫೀಸಿನ ಮಾತು ಮಾತ್ರ ಎತ್ತಲಿಲ್ಲ. ಅಳಿಯ ನಂದನ್ ಚಳಿಯ ವಿಷಯವನ್ನೇ ಎಳೆದೆಳೆದು ಸುಸ್ತಾದ. ಕೈ ತೊಳೆದು ಬಂದ ಯುಹಾನಿ ಚರ್ಮದ ಒರೆಯ ಚಾಕುವೊಂದನ್ನು ತೆಗೆದು, ಹಿಡಿ ನನ್ನ ಕಡೆ ಮಾಡಿ ಚಾಚಿದರು.

ನಮ್ಮಲ್ಲಿ ಚಾಕು ಕೈಯಿಂದ ಕೈಗೆ ಕೊಡುವುದಿಲ್ಲ, ಜಗಳ ಬರುತ್ತದೆ. ಕೆಳಗಿಟ್ಟ ಮೇಲೆ ಎತ್ತಿಕೊಳ್ಳಬೇಕು. ಈ ಮನುಷ್ಯನ ಜೊತೆಯಂತೂ ಜಗಳ ಬೇಡವೇ ಬೇಡ. ಕೈ ಹಿಂದಕ್ಕೆಳೆದು, ಟೀವಿಯಲ್ಲಿ ಕೇಳಿದ್ದ ಇಂಗ್ಲಿಷನ್ನೇ ಹೇಳಿದೆ.

"ಪುಟ್ ದಿ ನೈಫ್ ಡೌನ್."

ಅವರು ಚಾಕುವನ್ನು ಮೇಜಿನ ಮೇಲಿಟ್ಟು ಎರಡೂ ಕೈ ಮೇಲೆತ್ತಿದರು.

"ಅಯ್ಯೋ ಅಮ್ಮ, ಅದು ಪೊಲೀಸ್ನೋರು ಕಳ್ಳರಿಗೆ ಹೇಳೋ ಮಾತು" ಎಂದಳು ಲಾವಣ್ಯ. ನಂದನ್ ನಗು ನುಂಗಲು ಕೆಮ್ಮಿದ.

ಅವಳು ನಮ್ಮ ಪದ್ಧತಿ ವಿವರಿಸಿದ ಮೇಲೆ ಅವರೂ ನಕ್ಕರು. ನಗುತ್ತಿದ್ದ ಮುಖ ಹಾಗೆಯೇ ಇಳಿಯಿತು. ತಮ್ಮ ಕಂಪನಿಯದೂ ಒಂದು ಪದ್ಧತಿಯಂತೆ: ಬಿಟ್ಟುಹೋಗುವವರ ಮನೆಗೆ ಒಂದು ಚಾಕು. ಇಟಾಸ್ಕಾದ ಆಫೀಸು ಮುಂದಿನ ತಿಂಗಳು ಮುಚ್ಚುತ್ತದೆ ಎಂದರು.

ಅಳುತ್ತಾಳೆಂದುಕೊಂಡೆ. ಅವಳು ಜಗಳಕ್ಕೇ ನಿಂತಳು. ಇಂಗ್ಲಿಷು ನನಗೆ ಅರ್ಧ ತಿಳಿಯಿತು; ಉಳಿದದ್ದನ್ನು ನಂದನ್ ಪಿಸುಗುಟ್ಟಿದ. ಹೋದ ಚಳಿಗಾಲ ಡೆಟ್ರಾಯಿಟ್ ಗೋದಾಮಿನಲ್ಲಿ ಮಾಲು ಸಿಕ್ಕಿಬಿದ್ದಾಗ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಹೋಗಿ ಸರಿಮಾಡಿದವರು ಯಾರು, ಅಂಗಡಿಯವರು ಸಿಟ್ಟಾದರೆ ಹೆಲ್ಸಿಂಕಿಯಲ್ಲಿ ಕೂತು ಸಮಾಧಾನ ಮಾಡುವವರು ಯಾರು ಎಂದು ಕೇಳುತ್ತಿದ್ದಳಂತೆ. ತೋಳು ಮುಟ್ಟಿದ ಗಂಡನ ಕೈಯನ್ನು ಕೊಡವಿದಳು.

"ಚಾಕು ವಾಪಸ್ ತಗೊಳ್ಳಿ ಅಂತಿದಾಳೆ, ಅತ್ತೆ" ಎಂದ ನಂದನ್.

ಯುಹಾನಿ ಫೋನು ಹಿಡಿದು ಬಾಲ್ಕನಿಗೆ ಹೋದರು. ಗಾಜಿನಾಚೆ ಅತ್ತಿಂದಿತ್ತ ನಡೆದರು, ನಿಂತರು, ಮತ್ತೆ ನಡೆದರು. ಒಳಗೆ ನಾವು ಮೂವರೂ ತೊಳೆದ ತಟ್ಟೆಗಳನ್ನೇ ತೊಳೆದೆವು. ಒಳಬಂದು ಹೇಳಿದರು: ಡೆಟ್ರಾಯಿಟ್ ಗೋದಾಮಿಗೆ ಒಬ್ಬರು ಬೇಕು, ಸೋಮವಾರವೇ ಬರುವುದಾದರೆ ವೀಸಾ ಕಂಪನಿಯೇ ನೋಡಿಕೊಳ್ಳುತ್ತದೆ. ಒಂದು ವರ್ಷ, ಆಮೇಲಿನದು ಗೊತ್ತಿಲ್ಲ.

ನಂದನ್‌ನ ಕೆಲಸ ಇಲ್ಲೇ ಪಕ್ಕದ ಡೌನರ್ಸ್ ಗ್ರೋವ್‌ನಲ್ಲಿ. "ಮುನ್ನೂರು ಮೈಲಿ ಹತ್ರ ಆಗತ್ತೆ ಕಣೇ" ಎಂದ.

"ಗೊತ್ತು" ಎಂದಳು. ಯುಹಾನಿಗೆ ಹೂಂ ಎಂದು, ನನ್ನ ಕಡೆ ತಿರುಗಿದಳು. "ನೀನು ನನ್ ಜೊತೆ ಬರ್ತೀಯೋ, ಇವನ ಜೊತೆ ಇರ್ತೀಯೋ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಕೋಣೆಗೆ ಹೋಗಿಯಾಗಿತ್ತು; ಒಳಗೆ ಸೂಟ್‌ಕೇಸು ಎಳೆಯುವ ಸದ್ದಾಯಿತು.